ಚಿತೆ ಬೇಕೆನ್ನುವ ಚಿತ್ರಕಥೆಗಾರ

ಶಂಭುಲಿಂಗ ಎಂಬ ಹೆಸರಿನಿಂದ ಲಿಂಗವನ್ನು ಕಳಚಿಟ್ಟು ಬರೀ ಶಂಭು ಆದ ನಮ್ಮ ಉಯ್ಯಂಬಳ್ಳಿಯ ಈ ಚಿತ್ರಕಥೆಗಾರನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರ ಮನೆ ಹೊಕ್ಕರೂ ‘ನಿಮ್ಮ ಕಥೇಲಿ ಕಣ್ಣೀರು ಎಲ್ಲಿ ಬರುತ್ತೆ?’ ಎಂದೇ ಕೇಳುತ್ತಾನೆ. ಮಜ್ಜಿಗೆ ಕೊಟ್ಟರೆ ಕುಡಿಯುವ ಮೊದಲು ಲೋಟದ ಫೋಟೋ ತೆಗೆಯುತ್ತಾನೆ. ನಮ್ಮೂರ ಬಸಮ್ಮನವರ ತೀರಿಹೋದ ಗಂಡ, ದಿನವೂ ಅಂಗೈಯಲ್ಲಿ ಲಿಂಗಪೂಜೆ ಮಾಡದೆ ತುತ್ತು ಮುಟ್ಟದಿದ್ದ ಗವಿಸಿದ್ದಯ್ಯನವರ ಬದುಕನ್ನು ಸಿನಿಮಾಕ್ಕೆ ಬರೆದು, ಕೊನೆಯಲ್ಲಿ ಅವರನ್ನು ಚಿತೆಗೇರಿಸಿದ. ಅದನ್ನು ಓದಿಸಿ ಕೇಳಿದ ಬಸಮ್ಮ, ‘ನಮ್ಮೋರ್ನ ಸುಡಾಕಿಲ್ಲ ಕಣಪ್ಪ, ಅಂಗೈಗೆ ಲಿಂಗ ಇಟ್ಟು ಕೂರ್ಸಿ ಮಣ್ಣು ಮಾಡ್ತೀವಿ’ ಎಂದರು. ‘ಬೆಂಕಿ ಇದ್ರೇನೇ ಸೀನ್ ಗೆಲ್ಲೋದು ಅಮ್ಮಾ’ ಎಂದ. ಬಸಮ್ಮನ ದನಿ ಏರಿತು: ‘ನಿಮ್ಮಪ್ಪನ ಅಂಗೈಗೆ ಲಿಂಗ ಇಟ್ಟೋರು ನಮ್ಮೆಜಮಾನ್ರೇ ಕಣ್ಲಾ! ಅವತ್ತು ನೀನು ಶೂಟಿಂಗ್ ಐತೆ ಅಂತ ಬರ್ಲೇ ಇಲ್ಲ.’