ಗುದ್ದಲಿ ಕೊಡುವ ಮುನ್ನ

ನಮ್ಮ ಸೀಮೆಯಲ್ಲಿ ಹಿರಿಯರು ಏನು ಹೇಳಿದರೂ ‘ಹೌದ್ರಿ’ ಎನ್ನುವುದು ಮರ್ಯಾದೆ. ತಿಳಿಯಲಿ, ತಿಳಿಯದಿರಲಿ, ಮೊದಲು ‘ಹೌದ್ರಿ’. ಈ ಮರ್ಯಾದೆಯನ್ನು ರಾಮಸಮುದ್ರದ ಪಂಪಣ್ಣ ಮೇಸ್ತ್ರಿ ನಂಬುತ್ತಿರಲಿಲ್ಲ. ಹಿಂದೊಮ್ಮೆ ‘ಹೌದ್ರಿ’ ಎಂದ ಆಳೊಬ್ಬ ಕೆರೆಯ ತೂಬಿನ ಕಲ್ಲನ್ನೇ ಕಿತ್ತಿದ್ದ; ನುಗ್ಗಿದ ನೀರಿನಲ್ಲಿ ಮೇಸ್ತ್ರಿಯ ತಮ್ಮನ ಕಾಲು ಮುರಿದಿತ್ತು. ಅಂದಿನಿಂದ ಮೇಸ್ತ್ರಿ ಆಳುಗಳನ್ನು ಒಬ್ಬೊಬ್ಬರಾಗಿ ಮರದ ಮರೆಗೆ ಕರೆದು, ಕೆಲಸ ಹೇಳಿ, ಅದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸಿದ ಮೇಲೆಯೇ ಗುದ್ದಲಿ ಕೊಡುತ್ತಿದ್ದ. ಎಲ್ಲರೆದುರು ಕೇಳಿದರೆ ಎರಡನೆಯವನು ಮೊದಲನೆಯವನ ಮಾತನ್ನೇ ಒಪ್ಪಿಸಿಬಿಡುತ್ತಾನಲ್ಲ.

ಬುಟ್ಟಿ ಹೊರುವ ಭೀಮವ್ವ ನಗುತ್ತಿದ್ದಳು. “ಯಣ್ಣಾ, ನನ್ನ ಲಗ್ನದಾಗೂ ಯಾರೂ ಇಷ್ಟು ಕೇಳಿದ್ದಿಲ್ಲ.”

“ಅದಕ್ಕೇ ನಿನ್ನ ಗಂಡ ಈಗ ಅನುಭವಸಾಕತ್ತಾನ. ಏನ್ ತಿಳೀತು, ಹೇಳು.”

ನಾನಾಗ ಸಗರದಲ್ಲಿ ಮಾಸ್ತರ. ಪಂಪಣ್ಣ ದುರಸ್ತಿಗೆ ಬಂದಿದ್ದ ಅಲ್ಲಿಯ ಕೆರೆಯ ಏರಿಯ ಪಕ್ಕದ ಗುಡಿಯಲ್ಲೇ ಶಾಲೆ; ಎಲ್ಲವೂ ಕಾಣುತ್ತಿತ್ತು. ನಿಜಾಮರ ಆಳ್ವಿಕೆಯ ಕೊನೆಕೊನೆಯ ಬೇಸಿಗೆ ಅದು. ಇಬ್ಬರು ನಿಂತು ಮಾತಾಡಿದರೆ ಮೂರನೆಯವನಿಗೆ ಅನುಮಾನ. ಮೇಸ್ತ್ರಿ ಬೇವಿನ ಮರೆಯಲ್ಲಿ ಆಳುಗಳಿಂದ ಸರ್ಕಾರದ ವಿರುದ್ಧ ಆಣೆ ಮಾಡಿಸುತ್ತಿದ್ದಾನೆಂದು ಯಾರೋ ಕಚೇರಿಗೆ ಸುದ್ದಿ ಮುಟ್ಟಿಸಿದರು. ಯಾರೆಂದು ಇಂದಿಗೂ ಗೊತ್ತಿಲ್ಲ. ಆ ವಾರ ನನ್ನನ್ನೂ ಕೆಲವರು ಓರೆಗಣ್ಣಿನಿಂದ ನೋಡಿದರು. ನಾನೂ ಕೆಲವರನ್ನು ಹಾಗೆಯೇ ನೋಡಿದೆ.

ಕಂದಾಯದ ತನಿಖೆ ನೋಡುವ ಗಿರದಾವರ ಸರದಾರಸಾಬರು ಜವಾನನೊಡನೆ ಬಂದು ಕುದುರೆ ಇಳಿದರು. ಸೋರುತ್ತಿದ್ದ ಏರಿಯನ್ನು ಗಟ್ಟಿಯಾಗಿ ಕಟ್ಟಲೆಂದು ಆಗಲೇ ಅರ್ಧ ಅಗೆದಾಗಿತ್ತು. ಮೇಸ್ತ್ರಿಯನ್ನು ಹಿಡಿದೊಯ್ದರೆ ಅಗೆದ ಕಂಡಿ ಹಾಗೆಯೇ ಉಳಿದು, ಮಳೆ ಬಿದ್ದೊಡನೆ ಕೆರೆ ಒಡೆದು, ಕೆಳಗಿನ ಹೊಲಗಳು ಕೊಚ್ಚಿಹೋಗುತ್ತಿದ್ದವು.

ದೇವಾಪುರದಿಂದ ಅಂದೇ ಕೂಲಿಗೆ ಬಂದ ಮಾನಪ್ಪ ಮರದ ಮರೆಗೆ ಹೋಗುವ ತನ್ನ ಸರದಿಗಾಗಿ ಕಾಯುತ್ತಿದ್ದ. ಸಾಹೇಬರು ಅವನನ್ನೇ ಮೊದಲು ಕೇಳಿದರು.

“ಮೇಸ್ತ್ರಿ ನಿನಗ ಮರೀಗೆ ಕರದಿದ್ದನೇನು?”

“ಹೌದ್ರಿ.”

“ಆಣಿ ಮಾಡಿಸಿದ?”

“ಹೌದ್ರಿ.”

“ಸರ್ಕಾರದ ಖಿಲಾಫ್?”

“ಹೌದ್ರಿ.”

ಜವಾನ ಪಂಪಣ್ಣನ ರಟ್ಟೆ ಹಿಡಿದ. ಆಳುಗಳು ಹಿಂದೆ ಸರಿದರು. ಪಂಪಣ್ಣ ಕೈ ಬಿಡಿಸಿಕೊಳ್ಳಲಿಲ್ಲ. “ಸಾಹೇಬ್ರ, ನಾನೂ ಅವಗ ಒಂದು ಮಾತು ಕೇಳ್ಲೇನ್ರಿ?” ಎಂದ. ಸಾಹೇಬರು ತಲೆಯಾಡಿಸಿದರು.

“ಮಾನಪ್ಪಾ, ಸಾಹೇಬರ ಈ ಕುದುರಿ ಕದ್ದು ಮಾರಿದಾಂವ ನೀನೇ ಏನು?”

“ಹೌದ್ರಿ.”

ಭೀಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಸಾಹೇಬರು ಪಕ್ಕದಲ್ಲೇ ನಿಂತಿದ್ದ ಕುದುರೆಯನ್ನು ನೋಡಿದರು.

“ಅಂವ ಇನ್ನಾ ಗಿಡದ ಮರೀಗೆ ಬಂದೇ ಇಲ್ರಿ. ಗುದ್ದಲಿ ಹಿಡದವರನ್ನ ಕೇಳ್ರಿ,” ಎಂದ ಪಂಪಣ್ಣ.

ಸಾಹೇಬರು ಒಬ್ಬೊಬ್ಬರನ್ನೇ ಅದೇ ಬೇವಿನ ಮರೆಗೆ ಕರೆದು ವಿಚಾರಿಸಿದರು. ಸಡಿಲ ಮಣ್ಣನ್ನಷ್ಟೇ ಅಗೆದು, ಗಟ್ಟಿ ನೆಲ ಸಿಕ್ಕರೆ ನಿಲ್ಲಬೇಕು, ಇಷ್ಟೇ ತನಗೆ ಹೇಳಿದ್ದು ಎಂದನಂತೆ ಒಬ್ಬ. ತೂಬಿನ ಕಲ್ಲು ಕಂಡರೆ ಹಾರೆ ಹಾಕದೆ ಮೇಸ್ತ್ರಿಯನ್ನು ಕೂಗಬೇಕೆಂದ ಇನ್ನೊಬ್ಬ. ಭೀಮವ್ವ ಮಣ್ಣು ಎಲ್ಲಿ ಸುರಿಯಬೇಕೆಂಬುದರ ಜೊತೆಗೆ ಮೇಸ್ತ್ರಿಯ ಬೈಗುಳಗಳನ್ನೂ ಒಪ್ಪಿಸಿದಳು.

ಸಾಹೇಬರು ಮೇಸ್ತ್ರಿಯನ್ನು ಬಿಟ್ಟರು. ಅನುಮಾನವನ್ನು ಮಾತ್ರ ಬಿಡಲಿಲ್ಲ. ಏರಿ ಮುಗಿಯುವವರೆಗೆ ಜವಾನ ಇಲ್ಲೇ ಕಾಯಲಿ ಎಂದು ಹೇಳಿ ಹೊರಟರು.

ಪಂಪಣ್ಣ ಮಾನಪ್ಪನನ್ನು ಬೇವಿನ ಮರೆಗೆ ಕರೆದೊಯ್ದ. ಜವಾನನೂ ಹಿಂದೆಯೇ ಹೋಗಿ ಕಿವಿಗೊಟ್ಟು ನಿಂತ.

“ಕೇಳಪ್ಪ, ಕೇಳು,” ಎಂದ ಪಂಪಣ್ಣ ಜವಾನನಿಗೆ. “ಆದರ ನೀನೂ ತಿರುಗಿ ಹೇಳಬೇಕು, ನೋಡು.”