ಖಾಲಿ ಒರಳಿನ ರಾಣಿ

ಎಂಬತ್ತರ ದಶಕದಲ್ಲಿ ಅಮೆರಿಕದ ಸ್ಯಾನ್ ಹೊಸೆಯಲ್ಲಿದ್ದ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯಾಕೆ ಪಶ್ಚಿಮ ಆಫ್ರಿಕಾದವಳು. ಅವಳ ತಮ್ಮನೊಬ್ಬ ಅಲ್ಲಿ ಊರಿನಲ್ಲಿ ಒಂದು ಸಿನಿಮಾ ತೆಗೆದಿದ್ದ. ಹಿಂದಿನ ಕಾಲದ ರಾಣಿಯೊಬ್ಬಳು ದಂಡೆತ್ತಿ ಬಂದವರನ್ನು ಓಡಿಸಿದ ಕಥೆ. ಇವಳು ಅದನ್ನು ತರಿಸಿ, ಕಾಲೇಜೊಂದರ ಹಾಲ್‌ನಲ್ಲಿ ಶನಿವಾರ ಮಧ್ಯಾಹ್ನ ತೋರಿಸಲು ಒಪ್ಪಿಗೆ ಪಡೆದಿದ್ದಳು. ಜನ ಮೆಚ್ಚಿದರೆ ಮುಂದಿನ ಶನಿವಾರವೂ ಉಂಟು, ಇಲ್ಲದಿದ್ದರೆ ಇಲ್ಲ ಎಂದಿದ್ದನಂತೆ ಹಾಲ್‌ನ ಉಸ್ತುವಾರಿಯವನು. ಕುರ್ಚಿ ತುಂಬಿಸಲು ನಮ್ಮನ್ನೂ ಕರೆದಳು.

ನಾನು ಓದಿದ್ದು ಎರಡನೇ ಕ್ಲಾಸು. ಪರದೆಯ ಕೆಳಗಿನ ಇಂಗ್ಲಿಷು ನನಗೆ ಇರುವೆ ಸಾಲು. ಆದರೂ ಕಥೆ ತಿಳಿಯಿತು. ಕೆಟ್ಟವನು ಕುದುರೆ ಮೇಲೆ ಬರುತ್ತಾನೆ, ಎಲ್ಲ ದೇಶದಲ್ಲೂ ಅಷ್ಟೇ. ರಾಣಿ ಎರಡು ಗಂಟೆ ಯುದ್ಧ ಮಾಡಿದಳು, ಯಾರೂ ಒಂದು ತುತ್ತು ಕೊಡಲಿಲ್ಲ. ಅಳಿಯ ನಿದ್ದೆ ಹೋದ. ಹಿಂದಿನ ಸಾಲಿನವರು ನಾಲ್ಕಾರು ಜನ ನಡುವೆಯೇ ಎದ್ದು ನಡೆದರು.

ದೀಪ ಹತ್ತಿತು. ಪಕ್ಕದ ಮನೆಯಾಕೆ ಮುಂದೆ ನಿಂತು, ಏನಾದರೂ ಕೇಳಿ ಎಂದಳು. ಜನ ಕೋಟು ಎತ್ತಿಕೊಂಡು ಹೊರಡತೊಡಗಿದರು. ಉಸ್ತುವಾರಿಯವನು ವಾಚು ನೋಡಿಕೊಂಡ. ಅವಳ ಮುಖ ಸಣ್ಣದಾಯಿತು. ನಾನು ಕೈ ಎತ್ತಿದೆ.

"ಅಮ್ಮ, ಕೈ ಇಳ್ಸು," ಎಂದಳು ಮಗಳು.

"ಆ ಒರಳಲ್ಲಿ ಕಾಳೇ ಇರ್ಲಿಲ್ಲ ಕಣೆ. ಹೇಳು ಅವಳಿಗೆ."

ಸಿನಿಮಾದಲ್ಲಿ ಅರಮನೆಯ ಹೆಂಗಸರಿಬ್ಬರು ಒನಕೆ ಹಿಡಿದು ಕುಟ್ಟುವುದನ್ನು ತೋರಿಸಿದ್ದರು. ಕಾಳಿದ್ದರೆ ಒನಕೆ ದುಬ್ ಎಂದು ಕೂರುತ್ತದೆ. ಅದು ಟಕ್ ಎಂದು ಪುಟಿಯುತ್ತಿತ್ತು. ಮದುವೆಯಾದಂದಿನಿಂದ ಭತ್ತ ಕುಟ್ಟಿದ ನನಗೇ ಮೋಸವೇ?

ಮಗಳು ಎದ್ದು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅದರಲ್ಲಿ 'ಬ್ಯೂಟಿಫುಲ್' ಇತ್ತು. ಆ ಮಾತು ನನಗೆ ಗೊತ್ತು. ನನ್ನ ಸೀದ ದೋಸೆಗೂ ಅಳಿಯ ಅದನ್ನೇ ಹೇಳುತ್ತಾನೆ. ಅವನ ಉದ್ದ ಕೊಡೆ ಎಳೆದುಕೊಂಡು ನಾನೇ ಮುಂದೆ ಹೋದೆ. ಮರದ ನೆಲಕ್ಕೆ ಟಕ್ ಟಕ್ ಎಂದು ಕುಟ್ಟಿ, ಪರದೆಯ ಕಡೆ ಬೆರಳು ಮಾಡಿದೆ. ಆಮೇಲೆ ಅಳಿಯನ ಕೋಟು ಮಡಿಸಿ ಹಾಕಿ ಅದರ ಮೇಲೆ ಕುಟ್ಟಿದೆ. ದುಬ್, ದುಬ್.

ಆಫ್ರಿಕಾದ ಕಡೆಯವಳೇ ಆದ ಮುದುಕಿಯೊಬ್ಬಳು ಎದ್ದು ಬಂದು, ಕೊಡೆ ಕಸಿದುಕೊಂಡು ನನಗಿಂತ ಜೋರಾಗಿ ಕುಟ್ಟಿ, ಪಕ್ಕದ ಮನೆಯಾಕೆಯನ್ನು ಬೈದಳು. ನನ್ನ ಪರವಾಗಿಯೇ ಎಂದು ಭಾಷೆ ಬಾರದಿದ್ದರೂ ತಿಳಿಯಿತು. ಕನ್ನಡಕದವನೊಬ್ಬ, ಒರಳನ್ನು ಬೇಕೆಂದೇ ಖಾಲಿ ಇಟ್ಟಿದ್ದಾರೆ, ಅದು ಬರಗಾಲದ ಸಂಕೇತ ಎಂದನಂತೆ. ಅವನಿಗೆ ಇನ್ನೊಬ್ಬ ಎದುರಾಡಿದ. ಹೊರಟಿದ್ದವರೂ ಕೂತರು. ಕೊನೆಗೆ ಉಸ್ತುವಾರಿಯವನು ದೀಪ ಆರಿಸಿ ಜನರನ್ನು ಹೊರಡಿಸಬೇಕಾಯಿತು. ಮುಂದಿನ ಶನಿವಾರ ಸಿಕ್ಕಿತು.

ಕಾರಿನ ಹತ್ತಿರ ಪಕ್ಕದ ಮನೆಯಾಕೆ ಮಗಳಿಗೆ ನಿಜ ಹೇಳಿದಳು. ಕಾಳು ತಂದಿದ್ದರಂತೆ. ಕ್ಯಾಮೆರಾ ಸಿದ್ಧವಾಗುವಷ್ಟರಲ್ಲಿ ರಾಣಿಯ ಸೈನಿಕರು ಅದನ್ನು ಬೇಯಿಸಿಕೊಂಡು ತಿಂದುಬಿಟ್ಟಿದ್ದರಂತೆ.

ಒರಳಿನ ಜಗಳದ ಸುದ್ದಿ ಹಬ್ಬಿ ಮುಂದಿನ ಶನಿವಾರ ಹಾಲ್ ತುಂಬಿತ್ತು. ಒರಳು ಬಂದೊಡನೆ ಎಲ್ಲರೂ ಕಿವಿ ನೆಟ್ಟಗೆ ಮಾಡಿ, ಟಕ್ ಎಂದದ್ದೇ ತಡ, ಗೊಳ್ಳೆಂದು ನಕ್ಕರು. ರಾಣಿಯ ಕಡೆ ಯಾರ ಗಮನವೂ ಇರಲಿಲ್ಲ. ಪಕ್ಕದ ಮನೆಯಾಕೆ ತಿರುಗಿ ನನ್ನನ್ನೇ ದುರುಗುಟ್ಟಿ ನೋಡಿದಳು. ಜನ ಬರಬೇಕು ಎಂದಿದ್ದವಳು ಅವಳೇ. ಅಳಿಯ ಆ ಸಲ ಕೊಡೆಯನ್ನು ಕಾರಿನಲ್ಲೇ ಬಿಟ್ಟು ಬಂದಿದ್ದ.