ಕಾವಿನ ಪೆಟ್ಟಿಗೆ ಮತ್ತು ಈರಣ್ಣನ ಅಂಜಿಕೆ

ರೇಡಿಯೋ ರಿಪೇರಿಯ ಈರಣ್ಣನಷ್ಟು ಪುಕ್ಕಲನನ್ನು ಹಾವೇರಿಯಲ್ಲಿ ನಾನು ಕಂಡಿಲ್ಲ. ಕಟ್ಟಿಗೆಯ ಮಣೆಯ ಮೇಲೆ ನಿಂತು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಬೋರ್ಡು ಮುಟ್ಟುತ್ತಿದ್ದ. ಯಾರಾದರೂ ನಕ್ಕರೆ, “ನಗ್ರಿ, ನಗ್ರಿ. ಅಂಜಲಾರದಾಂವನ್ನ ಕರೆಂಟು ಒಮ್ಮೆ ಅಷ್ಟ ಮಾತಾಡಸತೈತಿ” ಎನ್ನುತ್ತಿದ್ದ.

ತೊಂಬತ್ತರ ದಶಕದ ಶುರು. ಸಣ್ಣದೊಂದು ನರ್ಸಿಂಗ್ ಹೋಮಿನಲ್ಲಿ ನಾನು ಹೊಸ ನರ್ಸು. ಏಳು ತಿಂಗಳಿಗೇ ಹುಟ್ಟಿದ, ಕರ್ಜಗಿಯವರ ಕೂಸೊಂದು ಕಾವಿನ ಪೆಟ್ಟಿಗೆಯಲ್ಲಿ, ಅಂದರೆ ಇನ್‌ಕ್ಯುಬೇಟರಿನಲ್ಲಿ, ಇತ್ತು. ಒಂದು ಮಧ್ಯಾಹ್ನ ಕೂಸನ್ನು ತಾಯಿಯ ಎದೆಗೆ ಕೊಟ್ಟು ಪೆಟ್ಟಿಗೆ ಒರೆಸುವಾಗ, ಅವಸರದಲ್ಲಿ ವೈರು ಹಿಡಿದೇ ಜಗ್ಗಿಬಿಟ್ಟೆ. ಪೆಟ್ಟಿಗೆಯ ಬೋರ್ಡಿಗೆ ವೈರು ಸೇರಿಸುವ ಕನೆಕ್ಟರ್ ಚೂರಾಗಿ, ನಾಲ್ಕು ವೈರು ಬಿಡಿಬಿಡಿಯಾಗಿ ಕೈಗೆ ಬಂದವು. ತಾನೇ ಕಳಚಿತೆಂದು ಡಾಕ್ಟರಿಗೆ ಸುಳ್ಳು ಹೇಳಿದೆ. ಕಂಪನಿಯವರು ಬರಲು ಎರಡು ದಿನ ಬೇಕಿತ್ತು. ಡಾಕ್ಟರು ಈರಣ್ಣನನ್ನು ಕರೆಸಿದರು.

“ಅಕ್ಕಾರ, ಕೆಂಪು ವೈರು ಯಾವ ಬಾಜೂಕ ಇತ್ತು?”

“ಎಡಕ್ಕ.”

ಅವನು ನನ್ನ ಮುಖವನ್ನೇ ನೋಡಿದ. “ಅಂಜಿ ಹೇಳಾಕತ್ತೀರಿ. ವೈರು ಅದಲಬದಲಾದ್ರ ಕಾವು ಏರೂದು ನಿಲ್ಲೂದಿಲ್ಲ, ಕೂಸು ಸುಟ್ಟುಹೋಗತೈತಿ. ಗೊತ್ತಿಲ್ಲ ಅನ್ರಿ.”

“ಗೊತ್ತಿಲ್ಲರಿ. ನಾನ ಜಗ್ಗೇನಿ,” ಎಂದೆ ಪಿಸುಮಾತಿನಲ್ಲಿ.

“ಅದು ನನ್ನ ಹತ್ರ ಇರ್ಲಿ,” ಎಂದ.

ಹಳೆಯ ಟಿ.ವಿ. ಬೋರ್ಡಿನಿಂದ ಕಿತ್ತು ತಂದ ಕನೆಕ್ಟರ್ ಬೆಸೆದ. ಭೂತಗನ್ನಡಿ ಹಿಡಿದು ತಾಮ್ರದ ಗೆರೆ ಒಂದೊಂದನ್ನೂ ಹುಡುಕಿ ವೈರು ಸೇರಿಸಿದ. ಅಷ್ಟರಲ್ಲಿ ಕೂಸಿನ ಪಾದ ತಣ್ಣಗಾಗತೊಡಗಿತ್ತು. ಡಾಕ್ಟರು ಅವಸರಿಸಿದರೂ ಅವನು ಕೂಸನ್ನು ಮಲಗಿಸಗೊಡಲಿಲ್ಲ. ಮೊದಲು ತನ್ನ ಅಂಗೈಯನ್ನೇ ಪೆಟ್ಟಿಗೆಯಲ್ಲಿಟ್ಟು ಕಾದ. ಕಾವು ಏರಿತು, ತಕ್ಕಷ್ಟಾದಾಗ ತಾನೇ ನಿಂತಿತು. ಅವನ ಅಂಗಿ ಬೆವರಿನಿಂದ ತೊಯ್ದಿತ್ತು. “ಮುಂದಿಂದು ನೋಡಾಕ ನನ್ನ ಕಡಿಂದ ಆಗೂದಿಲ್ಲ,” ಎಂದು ಹೊರಟೇಬಿಟ್ಟ.

ಆಮೇಲೆ ಅವನು ನಮ್ಮ ಓಣಿಗೆ ಬರುವುದನ್ನೇ ಬಿಟ್ಟ. ಸುಳ್ಳೇಕೆ, ನನಗೆ ಅದು ಅನುಕೂಲವೇ ಆಯಿತು. ನನ್ನ ತಪ್ಪು ಬಲ್ಲವನು ಅವನೊಬ್ಬನೇ ಅಲ್ಲವೇ? ಪೇಟೆಯಲ್ಲಿ ಕಂಡಾಗಲೆಲ್ಲ ಮುಖ ತಪ್ಪಿಸಿ ಅಡ್ಡದಾರಿ ಹಿಡಿದಿದ್ದೇನೆ.

ಏಳು ವರ್ಷದ ಮೇಲೆ ಹಾವೇರಿ ಸ್ಟೇಷನ್ನಿನಲ್ಲಿ ಎದುರಾದ. ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟಿದ್ದನಂತೆ. ಗಾಡಿ ಬಂದು ನಿಂತಿತು. ಹತ್ತಲು ಹೋದವನು ತಿರುಗಿ ಬಂದು ಮೆಲ್ಲಗೆ ಕೇಳಿದ: “ಅಕ್ಕಾರ, ಆ ಕೂಸು ಉಳೀತೇನ್ರಿ? ಇಷ್ಟ ದಿನ ಕೇಳಾಕ ಧೈರ್ಯ ಆಗಲಿಲ್ಲ.”

“ಉಳದಾಳ್ರಿ ಈರಣ್ಣಾರ. ಸಾಲಿಗೆ ಹೋಗಾಕತ್ತಾಳ.”

ಈರಣ್ಣ ಅಲ್ಲೇ ಕುಸಿದು ಕುಳಿತು, ಮಂದಿ ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತ. ಗಾಡಿ ಅವನನ್ನು ಬಿಟ್ಟೇ ಹೋಯಿತು. ಏಳು ವರ್ಷದಲ್ಲಿ ಒಂದು ದಿನ ನಾನು ಅವನ ಅಂಗಡಿಯ ಮೆಟ್ಟಿಲು ಹತ್ತಿದ್ದರೆ ಸಾಕಿತ್ತು. ಮತ್ತೆ ಅವನನ್ನು ನಾನು ನೋಡಲಿಲ್ಲ.